ಕಿವಿಗೆ ಕುಲವುಂಟೆ?

೧

ಲೋಕದಲ್ಲಿ ರುಚಿಗಳು ಬೇರೆಬೇರೆ ಎಂಬುದು ಎಲ್ಲರೂ ಬಲ್ಲ ಮಾತು. ಒಬ್ಬನಿಗೆ ವೀಣೆಯ ನಾದ ಅಮೃತಪ್ರಾಯ; ಮತ್ತೊಬ್ಬನಿಗೆ ಅದೇ ನಿದ್ರೆಗೆ ಔಷಧ. ಒಬ್ಬನು ಕ್ರಿಕೆಟ್ ಪಂದ್ಯ ನಡೆಯುವ ಐದು ದಿನವೂ ಊಟದ ಹೊತ್ತನ್ನು ಮರೆತು ಕುಳಿತಿರುವನು. ಪಕ್ಕದವನು ಅದನ್ನು ನೋಡಿ ಆಕಳಿಸುವನು. ಈ ಭೇದ ಇರುವುದರಿಂದಲೇ ಲೋಕಕ್ಕೆ ಒಂದು ಸೊಗಸು. ಆದರೆ ಈ ಭೇದ ಎಲ್ಲಿಂದ ಬಂದಿತೆಂದು ಕೇಳಿದರೆ ಅನೇಕರು ಥಟ್ಟನೆ ಕೊಡುವ ಉತ್ತರ ಒಂದುಂಟು: ಅದು ಅವರವರ ರಕ್ತದಲ್ಲಿಯೇ ಇರುವುದು, ಎಂದು. ಆಫ್ರಿಕ ಮೂಲದವರಿಗೆ ತಾಳ ಹುಟ್ಟಿನಿಂದ ಬಂದದ್ದು, ಓಟ ಅವರ ಕಾಲಿನಲ್ಲಿಯೇ ಇದೆ. ಬಿಳಿಯರಿಗೆ ಈಜು ಸಹಜ. ಇಂಥ ಕುಲದವರಿಗೆ ಸಂಗೀತ ಒಲಿಯುವುದು, ಇಂಥವರಿಗೆ ಒಲಿಯದು—ಈ ಬಗೆಯ ಮಾತುಗಳನ್ನು ನಾವು ಗಾದೆಗಳಂತೆ ಆಡುತ್ತೇವೆ. ಅವುಗಳನ್ನು ಪರೀಕ್ಷಿಸಿ ನೋಡುವವರು ವಿರಳ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸೂಕ್ಷ್ಮವಾಗಿಯೇ ಆಲೋಚಿಸಿದ್ದರು. ಚರಕಸಂಹಿತೆಯಲ್ಲಿ ‘ಓಕಸಾತ್ಮ್ಯ’ವೆಂಬ ಒಂದು ಶಬ್ದವುಂಟು. ನಿತ್ಯವೂ ಉಪಯೋಗಿಸುತ್ತ ಬಂದುದರಿಂದ ದೇಹಕ್ಕೆ ಒಗ್ಗಿ ಹಿತವಾಗಿ ಪರಿಣಮಿಸಿದ ಆಹಾರವಿಹಾರಗಳಿಗೆ ಆ ಹೆಸರು. ಅಂದರೆ, ಹಿತವೆಂಬುದು ಕೇವಲ ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದಲೂ ಬರುವುದೆಂದು ವೈದ್ಯಶಾಸ್ತ್ರವೇ ಒಪ್ಪಿತು. ಕಾವ್ಯದ ವಿಷಯದಲ್ಲಿಯೂ ಹಾಗೆಯೇ. ಅಭಿನವಗುಪ್ತನು ಸಹೃದಯನ ಲಕ್ಷಣವನ್ನು ಹೇಳುವಾಗ ಅವನ ವಂಶವನ್ನು ವಿಚಾರಿಸಲಿಲ್ಲ; ಕಾವ್ಯಗಳನ್ನು ಮತ್ತೆ ಮತ್ತೆ ಅನುಶೀಲಿಸಿ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು ಸಹೃದಯನೆಂದನು. ನಾಲಗೆಗೂ ಮನಸ್ಸಿಗೂ ಸಲ್ಲುವ ಈ ನ್ಯಾಯ ಕಿವಿಗೂ ಕೈಕಾಲುಗಳಿಗೂ ಸಲ್ಲುವುದೋ ಇಲ್ಲವೋ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ವಿಚಾರಕ್ಕೆ ಬೇಕಾದ ದೃಷ್ಟಾಂತಗಳು ಹೇರಳವಾಗಿ ದೊರೆಯುವುದು ಅಮೆರಿಕ ಖಂಡದಲ್ಲಿ. ಏಕೆಂದರೆ ನಾನಾ ಜನಾಂಗಗಳು ಒಂದೆಡೆ ಬಂದು ಸೇರಿ, ಬಣ್ಣದ ಗೋಡೆಗಳನ್ನು ಕಟ್ಟಿಕೊಂಡು, ಮತ್ತೆ ಆ ಗೋಡೆಗಳನ್ನು ಒಡೆಯಲು ಹೆಣಗಿದುದು ಅಲ್ಲಿ.

೨

ಮೊದಲು ಆಟದ ವಿಷಯ. ಭೂಪಟದಲ್ಲಿ ಕೆರಿಬಿಯನ್ ಸಮುದ್ರವನ್ನು ನೋಡಿರಿ. ಅಲ್ಲಿ ಚೆಲ್ಲಿದ ಅವರೆಕಾಳುಗಳಂತೆ ದ್ವೀಪಗಳ ಒಂದು ಸಾಲು ಇರುವುದು. ಆ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಸುವುದಕ್ಕಾಗಿ ಯೂರೋಪಿನವರು ಆಫ್ರಿಕದ ಪಶ್ಚಿಮ ಭಾಗಗಳಿಂದ ಲಕ್ಷಾಂತರ ಜನರನ್ನು ಸೆರೆಯಾಳುಗಳನ್ನಾಗಿ ತಂದರು. ಇಂದು ಅಲ್ಲಿ ವಾಸಿಸುವವರಲ್ಲಿ ಬಹುಮಂದಿ ಅವರ ಸಂತತಿಯವರು. ಮೂಲ ಸರಿಸುಮಾರಾಗಿ ಒಂದೇ. ಆಟಗಳು ಮಾತ್ರ ಒಂದೇ ಅಲ್ಲ. ಇಂಗ್ಲಿಷರು ಆಳಿದ ಬಾರ್ಬಡೋಸ್, ಜಮೈಕ, ಆಂಟಿಗ ಮೊದಲಾದೆಡೆಗಳಲ್ಲಿ ಬೆಳೆದುದು ಕ್ರಿಕೆಟ್. ಸ್ಪೇನಿನವರು ಆಳಿದ ಕ್ಯೂಬ, ಡೊಮಿನಿಕನ್ ಗಣರಾಜ್ಯಗಳಲ್ಲಿ ಬೇಸ್‌ಬಾಲ್. ಈ ಆಟ ಅಮೆರಿಕದಲ್ಲಿ ವ್ಯಾಸಂಗ ಮಾಡಿ ಬಂದ ಕ್ಯೂಬದ ತರುಣರೊಡನೆ ೧೮೬೦ರ ದಶಕದಲ್ಲಿ ಆ ದ್ವೀಪಕ್ಕೆ ಬಂದು, ಅಲ್ಲಿಯ ಯುದ್ಧದಿಂದ ತಪ್ಪಿಸಿಕೊಂಡು ಹೊರಟವರೊಡನೆ ನೆರೆಯ ಡೊಮಿನಿಕನ್ ನಾಡಿಗೆ ದಾಟಿತು. ಫ್ರೆಂಚರ ಕೈಯಲ್ಲಿರುವ ಗ್ವಾಡಲೂಪ್, ಮಾರ್ಟಿನೀಕ್‌ಗಳಲ್ಲಿ ಕಾಲ್ಚೆಂಡು. ೧೯೯೮ರಲ್ಲಿ ಫ್ರಾನ್ಸಿಗೆ ವಿಶ್ವಕಪ್ಪನ್ನು ತಂದ ತಂಡದ ಲಿಲಿಯನ್ ತುರಾಮ್ ಹುಟ್ಟಿದುದು ಗ್ವಾಡಲೂಪಿನಲ್ಲಿ. ಒಂದೇ ರಕ್ತ ಮೂರು ಬಾವುಟಗಳ ಕೆಳಗೆ ಮೂರು ಆಟಗಳನ್ನು ಪ್ರೀತಿಸಿತು!

ಇದಕ್ಕಿಂತಲೂ ಚೆನ್ನಾದ ನಿದರ್ಶನ ಇನ್ನೊಂದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಸೇಂಟ್ ಕಿಟ್ಸ್, ನೇವಿಸ್ ಮೊದಲಾದ ಇಂಗ್ಲಿಷ್ ದ್ವೀಪಗಳಿಂದ ಕೂಲಿಯನ್ನರಸಿ ಅನೇಕರು ಡೊಮಿನಿಕನ್ ನಾಡಿನ ಸಕ್ಕರೆಯ ಕಾರ್ಖಾನೆಗಳಿಗೆ ಹೋದರು. ಅಲ್ಲಿಯ ಜನ ಅವರನ್ನು ‘ಕೊಕೊಲೊ’ಗಳೆಂದು ಕರೆದರು. ಅವರು ತಮ್ಮ ಭಾಷೆಯೊಡನೆ, ತಮ್ಮ ಪ್ರಾರ್ಥನೆಗಳೊಡನೆ, ಕ್ರಿಕೆಟನ್ನೂ ಕೊಂಡೊಯ್ದರು. ಕಬ್ಬಿನ ಗದ್ದೆಗಳ ನಡುವೆ ಬಿಡುವಿನ ದಿನ ಅದನ್ನೇ ಆಡಿದರು. ಅವರ ಮಕ್ಕಳು ಮೊಮ್ಮಕ್ಕಳು ಸುತ್ತಲೂ ಕಂಡುದು ಬೇಸ್‌ಬಾಲನ್ನು. ಗೆಳೆಯರು ಕರೆದುದು ಅದಕ್ಕೆ. ಹಣವೂ ಹೆಸರೂ ದೊರೆಯುತ್ತಿದ್ದುದು ಅದರಿಂದ. ಎರಡು ಮೂರು ತಲೆಮಾರುಗಳಲ್ಲಿ ಕ್ರಿಕೆಟ್ ಮರೆಯಾಯಿತು. ಅವರು ನೆಲಸಿದ ಸಾನ್ ಪೆದ್ರೊ ದೆ ಮಕೊರಿಸ್ ಎಂಬ ಪಟ್ಟಣ ಇಂದು ಬೇಸ್‌ಬಾಲ್ ವೀರರ ತೌರೂರೆಂದು ಪ್ರಸಿದ್ಧವಾಗಿದೆ. ಅಜ್ಜನ ದಾಂಡನ್ನು ಬಿಟ್ಟು ಮೊಮ್ಮಗನು ಬೇರೆ ದಾಂಡನ್ನು ಹಿಡಿದನು. ರಕ್ತ ಬದಲಾಗಲಿಲ್ಲ, ಬಯಲು ಬದಲಾಯಿತು.

೩

ಒಂದೇ ಜನಾಂಗ ಹಲವು ಆಟಗಳನ್ನು ಅಪ್ಪಿಕೊಂಡುದನ್ನು ಕಂಡೆವು. ಇನ್ನು ಒಂದೇ ಆಟ ಹಲವು ಜನಾಂಗಗಳ ಕೈಸೇರಿದುದನ್ನು ನೋಡೋಣ.

ಬ್ಯಾಸ್ಕೆಟ್‌ಬಾಲ್ ಆಟವನ್ನು ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಹುಡುಗರು ಒಳಗೆ ಆಡುವುದಕ್ಕೆಂದು ರಚಿಸಿದರು. ಇಂದು ಅಲ್ಲಿಯ ವೃತ್ತಿಪರ ಸಂಘದಲ್ಲಿ ಆಡುವವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಕಪ್ಪು ವರ್ಣದವರು. ಆದ್ದರಿಂದ ಆ ಆಟ ಅವರಿಗೆ ಹುಟ್ಟುಗುಣವೆಂದು ಹೇಳುವವರುಂಟು. ಆದರೆ ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಇದು ಯೆಹೂದ್ಯರ ಆಟವೆನಿಸಿತ್ತೆಂಬುದನ್ನು ಎಷ್ಟು ಜನ ಬಲ್ಲರು? ನ್ಯೂಯಾರ್ಕ್, ಫಿಲಡೆಲ್ಫಿಯಗಳ ಇಕ್ಕಟ್ಟಾದ ಕೇರಿಗಳಲ್ಲಿ ಬೆಳೆದ ಯೆಹೂದ್ಯ ತರುಣರು ಅಂದಿನ ಹೆಸರಾಂತ ಆಟಗಾರರಾಗಿದ್ದರು. ಇಂದಿನ ಸಂಘದ ಮೂಲವಾದ ಸಂಸ್ಥೆಯ ಮೊಟ್ಟಮೊದಲ ಪಂದ್ಯ ೧೯೪೬ನೆಯ ನವೆಂಬರ್ ೧ರಂದು ನಡೆದಾಗ ಮೊದಲ ಅಂಕವನ್ನು ಗಳಿಸಿದವನು ಆಸಿ ಶೆಕ್ಟ್‌ಮನ್ ಎಂಬ ಯೆಹೂದ್ಯ. ಪಾಲ್ ಗ್ಯಾಲಿಕೊ ಎಂಬ ಪ್ರಸಿದ್ಧ ಕ್ರೀಡಾ ಬರಹಗಾರನು ೧೯೩೦ರ ದಶಕದಲ್ಲಿ ಇದಕ್ಕೊಂದು ಕಾರಣವನ್ನೂ ಕಂಡುಹಿಡಿದನು: ಯೆಹೂದ್ಯರದು ಹೂಟ ಹೂಡುವ, ಕಣ್ಣು ತಪ್ಪಿಸುವ ಚುರುಕುಬುದ್ಧಿ, ಅದಕ್ಕೆ ಈ ಆಟ ಒಪ್ಪುವುದು, ಎಂದು. ಮುಂದೆ ಆ ಕುಟುಂಬಗಳು ಏಳಿಗೆ ಹೊಂದಿ ಆ ಕೇರಿಗಳನ್ನು ಬಿಟ್ಟುಹೋದವು. ದಕ್ಷಿಣದ ಹತ್ತಿಯ ಸೀಮೆಯಿಂದ ಬಂದ ಕಪ್ಪು ವರ್ಣದವರು ನಗರಗಳಲ್ಲಿ ನೆಲಸಿದರು. ೧೯೫೦ರಲ್ಲಿ ವೃತ್ತಿಪರ ಸಂಘದ ಬಾಗಿಲು ಅವರಿಗೂ ತೆರೆಯಿತು. ಆಟ ಅದೇ, ಬೀದಿಯ ಬುಟ್ಟಿಗಳೂ ಅವೇ. ಆಡುವವರು ಬದಲಾದ ಕೂಡಲೇ ‘ಹುಟ್ಟುಗುಣ’ದ ಸಿದ್ಧಾಂತವೂ ಬದಲಾಯಿತು. ಬೇಕಾದ ಕಡೆಗೆ ತಿರುಗಿಸಬಹುದಾದ ಇಂಥ ಸಿದ್ಧಾಂತದಿಂದ ಪ್ರಯೋಜನವೇನು? ಸ್ಥಳ ಕಿರಿದು, ಖರ್ಚು ಅಲ್ಪ, ಒಂದು ಚೆಂಡು ಸಾಕು—ಬಡವರ ಕೇರಿಗೆ ಒಪ್ಪುವ ಆಟವದು. ಆ ಕೇರಿಯಲ್ಲಿ ಯಾವಾಗ ಯಾರಿದ್ದರೋ ಆಗ ಅದು ಅವರದಾಯಿತು.

ನಮ್ಮ ದೇಶದ ಹಾಕಿಯ ಚರಿತ್ರೆಯೂ ಇದನ್ನೇ ಹೇಳುವುದು. ಜಲಂಧರದ ದಂಡಿನ ಪ್ರದೇಶಕ್ಕೆ ಹೊಂದಿಕೊಂಡ ಸಂಸಾರ್‌ಪುರವೆಂಬ ಪುಟ್ಟ ಹಳ್ಳಿಯಿಂದ ಹತ್ತಕ್ಕೂ ಮಿಕ್ಕ ಒಲಿಂಪಿಕ್ ಆಟಗಾರರು ಬಂದರು. ಛೋಟಾನಾಗಪುರದ ಕಾಡುಸೀಮೆಯಲ್ಲಿ ಪಾದ್ರಿಗಳ ಶಾಲೆಯಲ್ಲಿ ಕಲಿತ ಜೈಪಾಲ್ ಸಿಂಗ್ ಮುಂಡಾ ೧೯೨೮ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ನಾಯಕರಾಗಿದ್ದರು. ನೆರೆಯ ಒಡಿಶಾದ ಸುಂದರಗಢದ ಆದಿವಾಸಿ ಹಳ್ಳಿಗಳಲ್ಲಿ ಇಂದಿಗೂ ಮೇಕೆಯನ್ನು ಬಹುಮಾನವಾಗಿಟ್ಟು ಪಂದ್ಯಗಳನ್ನು ನಡೆಸುವರು. ಇನ್ನು ನಮ್ಮ ಕೊಡಗು: ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯ ಮೊದಲಾದವರನ್ನು ಕೊಟ್ಟ ಆ ಪುಟ್ಟ ನಾಡಿನಲ್ಲಿ ೧೯೯೭ರಲ್ಲಿ ಕರಡ ಗ್ರಾಮದಲ್ಲಿ ೬೦ ಕುಟುಂಬಗಳ ತಂಡಗಳೊಡನೆ ಆರಂಭವಾದ ಕೌಟುಂಬಿಕ ಹಾಕಿ ಉತ್ಸವ ೨೦೨೪ರಲ್ಲಿ ೩೬೦ ಕುಟುಂಬಗಳಿಗೆ ಬೆಳೆಯಿತು. ಪಂಜಾಬಿನ ಸಿಖ್ಖನು, ಛೋಟಾನಾಗಪುರದ ಮುಂಡನು, ಕೊಡಗಿನ ಕೊಡವನು—ಈ ಮೂವರ ವಂಶಕ್ಕೂ ಭಾಷೆಗೂ ಏನು ಸಂಬಂಧ? ಸಾಮಾನ್ಯವಾದುದು ಒಂದೇ: ಊರ ಹತ್ತಿರ ದಂಡೋ ಶಾಲೆಯೋ ತಂದ ಒಂದು ಆಟ, ಅದನ್ನು ಆಡುವ ಅಣ್ಣಂದಿರು, ಅದನ್ನು ನೋಡಿ ಹೆಮ್ಮೆಪಡುವ ಹಿರಿಯರು.

೪

ಆಟದ ಮಾತು ಹಾಗಿರಲಿ. ಸಂಗೀತ ಇದಕ್ಕಿಂತ ಆಳವಾದುದಲ್ಲವೆ, ಅದು ಹೃದಯಕ್ಕೆ ಸಂಬಂಧಿಸಿದುದಲ್ಲವೆ, ಎಂದು ಯಾರಾದರೂ ಆಕ್ಷೇಪಿಸಬಹುದು. ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ಕೆಲವು ಸ್ವಾರಸ್ಯವಾದ ಪರೀಕ್ಷೆಗಳನ್ನು ನಡೆಸಿರುವರು.

ಬಾಲ್ಕನ್ ದೇಶಗಳ ಜನಪದ ಸಂಗೀತದಲ್ಲಿ ಏಳೆಣಿಕೆಯ ನಡೆಗಳು ಸಾಮಾನ್ಯ. ನಮ್ಮಲ್ಲಿ ಸಂಗೀತಪಾಠಕ್ಕೆ ಹೋಗುವ ಹುಡುಗಿ ಮಿಶ್ರಛಾಪು ತಾಳದಲ್ಲಿ ತೊಡೆಯ ಮೇಲೆ ಹಾಕುವ ಎಣಿಕೆಯೂ ಏಳೇ. ಆದರೆ ಎರಡು ನಾಲ್ಕುಗಳ ಸಮನಡೆಯಲ್ಲಿಯೇ ಬೆಳೆದ ಉತ್ತರ ಅಮೆರಿಕದವರಿಗೆ ಅದು ಕುಂಟುನಡೆಯಂತೆ ತೋರುವುದು. ಎರಿನ್ ಹ್ಯಾನನ್, ಸಾಂಡ್ರ ಟ್ರೆಹಬ್ ಎಂಬ ಇಬ್ಬರು ವಿದುಷಿಯರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಅಂಥ ಹಾಡುಗಳ ತಾಳವನ್ನು ಬೇಕೆಂದೇ ಕೆಡಿಸಿ ಕೇಳಿಸಿದರು. ಅಮೆರಿಕದ ಪ್ರಾಯದವರು ಆ ದೋಷವನ್ನು ಹಿಡಿಯಲಾರದೆ ಹೋದರು. ಬಾಲ್ಕನ್ ಮೂಲದವರು ಹಿಡಿದರು. ಅಷ್ಟೇ ಆಗಿದ್ದರೆ ಅದು ರಕ್ತದ ಗುಣವೆನ್ನಬಹುದಾಗಿತ್ತು. ಆದರೆ ಆರು ತಿಂಗಳ ಅಮೆರಿಕದ ಶಿಶುಗಳು ಆ ದೋಷವನ್ನು ಗುರುತಿಸಿದವು! ಹನ್ನೆರಡು ತಿಂಗಳು ತುಂಬುವ ಹೊತ್ತಿಗೆ ಆ ಶಕ್ತಿ ಕುಂದಿ, ಅವೂ ದೊಡ್ಡವರಂತೆಯೇ ಆದವು. ಆ ವಯಸ್ಸಿನ ಮಕ್ಕಳಿಗೆ ಮನೆಯಲ್ಲಿ ಎರಡು ವಾರ ಬಾಲ್ಕನ್ ಹಾಡುಗಳನ್ನು ದಿನವೂ ಸ್ವಲ್ಪ ಹೊತ್ತು ಕೇಳಿಸಿದಾಗ ಕಳೆದುಹೋಗಿದ್ದ ಶಕ್ತಿ ಮರಳಿತು. ದೊಡ್ಡವರಿಗೆ ಅಷ್ಟೇ ಕೇಳಿಸಿದರೆ ಮರಳಲಿಲ್ಲ. ಹುಟ್ಟುವಾಗ ಕಿವಿ ಲೋಕಕ್ಕೆಲ್ಲ ಸೇರಿದುದು. ವರ್ಷ ತುಂಬುವ ಮೊದಲೇ ಅದು ಮನೆಗೆ ಸೇರತೊಡಗುವುದು ಎಂಬುದು ಇದರ ತಾತ್ಪರ್ಯ. ಅಭಿಮನ್ಯು ಗರ್ಭದಲ್ಲಿದ್ದಾಗಲೇ ಕೇಳಿ ಕಲಿತನೆಂಬ ಕಥೆಯನ್ನು ಬಲ್ಲ ನಮಗೆ ಇದು ತೀರ ಆಶ್ಚರ್ಯವಾಗಬೇಕಾಗಿಲ್ಲ.

ಇನ್ನೊಂದು ಪರೀಕ್ಷೆ ಬೊಲಿವಿಯ ದೇಶದ್ದು. ಪಶ್ಚಿಮದ ಸಂಗೀತಶಾಸ್ತ್ರದಲ್ಲಿ ಕೆಲವು ಸ್ವರಗಳು ಕೂಡಿದರೆ ಇಂಪು, ಕೆಲವು ಕೂಡಿದರೆ ಕರ್ಕಶ ಎಂಬ ವಿಂಗಡಣೆಯುಂಟು. ಅದು ಪ್ರಕೃತಿಯ ನಿಯಮವೆಂದೇ ಹಲವರು ನಂಬಿದ್ದರು. ಬೊಲಿವಿಯದ ಅಮೆಜಾನ್ ಕಾಡಿನಲ್ಲಿ ಹೊರಗಿನ ಸಂಗೀತ ಹೆಚ್ಚಾಗಿ ಕಿವಿಗೆ ಬೀಳದ ತ್ಸಿಮಾನೆ ಎಂಬ ಬುಡಕಟ್ಟಿನವರಿಗೆ ಈ ಎರಡು ಬಗೆಯ ಮೇಳಗಳನ್ನೂ ಕೇಳಿಸಿ ನೋಡಿದರು. ೨೦೧೬ರಲ್ಲಿ ಪ್ರಕಟವಾದ ಆ ಶೋಧನೆಯಂತೆ, ಅವರಿಗೆ ಎರಡೂ ಒಂದೇ ಸಮನಾಗಿ ಹಿತವಾಗಿದ್ದುವು. ಅದೇ ದೇಶದ ಪಟ್ಟಣಿಗರು ಅಮೆರಿಕದವರಂತೆ ಒಂದನ್ನು ಮೆಚ್ಚಿ ಮತ್ತೊಂದನ್ನು ಬಿಟ್ಟರು. ೧೯೬೮ರಷ್ಟು ಹಿಂದೆಯೇ ರಾಬರ್ಟ್ ಜಾಯೊಂಕ್ ಎಂಬ ಪಂಡಿತನು, ಅರ್ಥವೇ ತಿಳಿಯದ ಪದಗಳು, ಗುರುತಿಲ್ಲದ ಮುಖಗಳು ಕೂಡ ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಮೆಲ್ಲನೆ ಪ್ರಿಯವಾಗುತ್ತವೆಂದು ತೋರಿಸಿದ್ದನು. ಚರಕನ ಓಕಸಾತ್ಮ್ಯ ಇಲ್ಲಿ ಮತ್ತೊಂದು ವೇಷದಲ್ಲಿ ಕಾಣಿಸಿಕೊಂಡಿತಷ್ಟೆ.

೫

ಹಾಗಾದರೆ ಇಂಥ ಸಂಗೀತ ಇಂಥ ಜನಾಂಗದ್ದು ಎಂಬ ಗಟ್ಟಿಯಾದ ನಂಬಿಕೆ ಹೇಗೆ ಹುಟ್ಟಿತು? ಅಮೆರಿಕದಲ್ಲಿ ಅದು ಹುಟ್ಟಿದ ಬಗೆ ತಿಳಿಯತಕ್ಕದ್ದು.

ಬ್ಯಾಂಜೊ ಎಂಬ ತಂತಿವಾದ್ಯವನ್ನು ಕೆಲವರಾದರೂ ಕೇಳಿರಬಹುದು. ಅಮೆರಿಕದ ಬೆಟ್ಟಸೀಮೆಯ ಬಿಳಿಯ ರೈತರ ಹಾಡಿನೊಡನೆ ಅದು ಬೆರೆತುಹೋಗಿದೆ. ಆದರೆ ಅದರ ಮೂಲ ಆಫ್ರಿಕದಲ್ಲಿ. ಸೋರೆಬುರುಡೆಗೆ ಚರ್ಮ ಹೊದಿಸಿ ಕೋಲು ಸಿಕ್ಕಿಸಿ ತಂತಿ ಬಿಗಿದ ವಾದ್ಯಗಳನ್ನು ನುಡಿಸಬಲ್ಲ ಜನ ಸೆರೆಯಾಳುಗಳಾಗಿ ಬಂದು, ಹೊಸ ನೆಲದಲ್ಲಿ ಅದನ್ನು ಮತ್ತೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಅವರಿಂದ ಅದನ್ನು ಕಲಿತರು. ದಕ್ಷಿಣದ ಹಳ್ಳಿಗಳಲ್ಲಿ ಎರಡು ಬಣ್ಣದವರೂ ಒಬ್ಬರ ಹಾಡನ್ನೊಬ್ಬರು ಕೇಳುತ್ತ ಬೆಳೆದರು. ಪಿಟೀಲು ಬ್ಯಾಂಜೊಗಳ ಮೇಳಗಳು ಎರಡು ಕಡೆಯೂ ಇದ್ದುವು.

ಆಮೇಲೆ ಧ್ವನಿಮುದ್ರಿಕೆಯ ವ್ಯಾಪಾರ ಬಂದಿತು. ೧೯೨೦ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ವರ್ಣದ ಗಾಯಕಿಯ ತಟ್ಟೆ ಅಪಾರವಾಗಿ ಮಾರಾಟವಾದಾಗ, ಕಂಪೆನಿಗಳವರು ಎರಡು ಪಟ್ಟಿಗಳನ್ನು ಮಾಡಿಕೊಂಡರು: ಕಪ್ಪು ವರ್ಣದವರಿಗೆ ಮಾರತಕ್ಕವು ‘ಜನಾಂಗದ ತಟ್ಟೆಗಳು’, ಬಿಳಿಯ ಹಳ್ಳಿಗರಿಗೆ ಮಾರತಕ್ಕವು ‘ಗುಡ್ಡಗಾಡಿನ ಹಾಡುಗಳು’. ಕಪ್ಪು ವರ್ಣದವನು ಪಿಟೀಲು ನುಡಿಸಿದರೆ ಯಾವ ಪಟ್ಟಿಗೂ ಸೇರದು. ಆದ್ದರಿಂದ ಅವನ ಧ್ವನಿಮುದ್ರಣವೇ ಅಪರೂಪವಾಯಿತು. ಅಂಗಡಿಯವನ ಅನುಕೂಲಕ್ಕಾಗಿ ಎಳೆದ ಗೆರೆ ಕೆಲವೇ ದಶಕಗಳಲ್ಲಿ ಪ್ರಕೃತಿಯೇ ಎಳೆದ ಗೆರೆಯೆನಿಸಿಕೊಂಡಿತು. ‘ಜನಾಂಗದ ತಟ್ಟೆ’ ಎಂಬ ಹೆಸರನ್ನು ವ್ಯಾಪಾರಿ ಪತ್ರಿಕೆಯೊಂದು ತೆಗೆದುಹಾಕಿದುದು ೧೯೪೯ರಲ್ಲಿ. ಗೆರೆ ಮಾತ್ರ ಉಳಿಯಿತು.

ಈ ಗೆರೆಯನ್ನು ದಾಟಿದ ಒಬ್ಬನ ಚರಿತ್ರೆ ಹೇಳತಕ್ಕದ್ದು. ಅದರಲ್ಲಿ ಆಟವೂ ಸಂಗೀತವೂ ಕೂಡಿವೆ. ಚಾರ್ಲಿ ಪ್ರೈಡ್ ೧೯೩೪ರಲ್ಲಿ ಮಿಸಿಸಿಪಿ ಸಂಸ್ಥಾನದ ಸ್ಲೆಡ್ಜ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಒಡೆಯನ ಹತ್ತಿಯ ಹೊಲವನ್ನು ಬೆಳೆಯ ಪಾಲಿಗೆ ಉಳುತ್ತಿದ್ದ ಕಪ್ಪು ವರ್ಣದ ರೈತ. ಮನೆಯಲ್ಲಿ ಹನ್ನೊಂದು ಮಕ್ಕಳು. ಆ ಮನೆಯ ಒಂದೇ ಐಶ್ವರ್ಯವೆಂದರೆ ಒಂದು ರೇಡಿಯೊ. ಶನಿವಾರದ ರಾತ್ರಿ ತಂದೆ ಅದನ್ನು ನ್ಯಾಷ್‌ವಿಲ್ ನಗರದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹಳ್ಳಿಗಾಡಿನ ಹಾಡುಗಳ ಪ್ರಸಾರಕ್ಕೆ ತಿರುಗಿಸುತ್ತಿದ್ದನು. ಹಾಡುವವರು ಬಿಳಿಯರು; ಆದರೆ ರೇಡಿಯೊದ ಪೆಟ್ಟಿಗೆಗೆ ಬಣ್ಣವಿಲ್ಲ. ಮಗು ಆ ಹಾಡುಗಳನ್ನೇ ಕೇಳಿ ಬೆಳೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಗಿಟಾರನ್ನು ಕೊಂಡು ಅವನ್ನೇ ನುಡಿಸಿತು. ಅವರ ಹಾಡನ್ನು ನೀನೇಕೆ ಹಾಡುತ್ತೀಯೆಂದು ಅಕ್ಕ ಕೇಳಿದ್ದುಂಟೆಂದು ಆತನೇ ಹೇಳಿಕೊಂಡಿರುವನು. ಬಿಳಿಯರು ಹೊರಗಿನಿಂದ ಹಾಕಿದ ಗೆರೆ ಮನೆಯೊಳಗೂ ಬಂದುದನ್ನು ಗಮನಿಸಿರಿ.

ಹತ್ತಿಯ ಹೊಲದಿಂದ ಹೊರಬರಲು ಆತನಿಗೆ ಮೊದಲು ಕಂಡ ದಾರಿ ಸಂಗೀತವಲ್ಲ, ಬೇಸ್‌ಬಾಲ್. ಅಲ್ಲಿಯೂ ಗೆರೆಯಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಮೆರಿಕದ ದೊಡ್ಡ ಸಂಘಗಳು ಕಪ್ಪು ವರ್ಣದವರನ್ನು ಸೇರಿಸುತ್ತಿರಲಿಲ್ಲ. ಅವರು ಬೇರೆ ಸಂಘಗಳನ್ನು ಕಟ್ಟಿಕೊಂಡು ಆಡುತ್ತಿದ್ದರು. ೧೯೪೭ನೆಯ ಏಪ್ರಿಲ್ ೧೫ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಆಡಿದಾಗ ಆ ಗೆರೆ ಮುರಿಯಿತು. ಚಾರ್ಲಿಗೆ ಆಗ ಹದಿಮೂರು ವರ್ಷ. ತನಗೂ ದಾರಿಯಿದೆಯೆಂದು ಆಗ ತೋರಿತು. ಮುಂದೆ ಆತನು ಮೆಂಫಿಸ್ ನಗರದ ಕಪ್ಪು ವರ್ಣದವರ ತಂಡದಲ್ಲಿ ಚೆಂಡೆಸೆಯುವವನಾದನು. ಅನಂತರ ಮಾಂಟಾನಕ್ಕೆ ಹೋಗಿ ಅದಿರು ಕರಗಿಸುವ ಕಾರ್ಖಾನೆಯಲ್ಲಿ ದುಡಿಯುತ್ತ, ಅಲ್ಲಿಯ ತಂಡದಲ್ಲಿ ಆಡುತ್ತ, ರಾತ್ರಿ ಹಾಡುತ್ತ ಇದ್ದನು. ೧೯೬೬ರಲ್ಲಿ ಆತನ ಮೊದಲ ಮುದ್ರಿಕೆ ಹೊರಬಂದಿತು. ಅದು ರೇಡಿಯೊ ನಿಲಯಗಳಿಗೆ ಹೋದುದು ಗಾಯಕನ ಭಾವಚಿತ್ರವಿಲ್ಲದೆ! ಕೇಳಿದವರು ಮೆಚ್ಚಿದರು. ಆ ವರ್ಷ ಡೆಟ್ರಾಯ್ಟ್ ನಗರದಲ್ಲಿ ದೊಡ್ಡ ಸಭೆಯ ಮುಂದೆ ಆತನ ಹೆಸರನ್ನು ಸಾರಿದಾಗ ಕರತಾಡನ ಮೊಳಗಿತು. ಆತನು ಬೆಳಕಿಗೆ ಬಂದು ನಿಂತೊಡನೆ ಅದು ಉಡುಗಿ ಸಭೆ ಸ್ತಬ್ಧವಾಯಿತು. ಆತನು ತನ್ನ ಮೈಬಣ್ಣವನ್ನು ಕುರಿತು ತಾನೇ ಒಂದು ವಿನೋದದ ಮಾತನ್ನಾಡಿ ಹಾಡತೊಡಗಿದನು. ಹಾಡು ಮುಗಿಯುವ ಹೊತ್ತಿಗೆ ಸಭೆ ಆತನದಾಗಿತ್ತು. ೧೯೭೧ರಲ್ಲಿ ಆ ಸಂಗೀತದ ಸಂಘದವರು ವರ್ಷದ ಶ್ರೇಷ್ಠ ರಂಜಕನೆಂಬ ಬಿರುದನ್ನು ಆತನಿಗೆ ಕೊಟ್ಟರು. ೨೦೨೦ರ ಡಿಸೆಂಬರಿನಲ್ಲಿ ಆತನು ತೀರಿಕೊಂಡನು.

ಆ ಸಭೆಯ ಮೌನವನ್ನು ವಿಚಾರಿಸತಕ್ಕದ್ದು. ಕಿವಿ ಮೊದಲೇ ಒಪ್ಪಿತ್ತು, ಬೆರಗಾದುದು ಕಣ್ಣು. ರುಚಿಗೆ ಜನಾಂಗವಿರಲಿಲ್ಲ, ನಿರೀಕ್ಷೆಗೆ ಇತ್ತು. ‘ಗ್ರ್ಯಾಂಡ್ ಓಲ್ ಆಪ್ರಿ’ಯ ವೇದಿಕೆಯ ಮೇಲೆ ಚಾರ್ಲಿಗಿಂತ ಮೊದಲು, ೧೯೨೦ರ ದಶಕದಿಂದ ೧೯೪೧ರ ವರೆಗೆ, ಮೌತ್ ಆರ್ಗನ್ ನುಡಿಸಿ ಜನಪ್ರಿಯನಾಗಿದ್ದ ಡಿಫೋರ್ಡ್ ಬೇಲಿ ಎಂಬ ಕಪ್ಪು ವರ್ಣದ ಕಲಾವಿದನಿದ್ದನು. ಆತನನ್ನು ಅಲ್ಲಿಂದ ಬಿಡಿಸಿದ ಮೇಲೆ ಆತನು ಬೂಟುಗಳಿಗೆ ಬಣ್ಣ ಹಾಕುವ ಅಂಗಡಿಯಿಂದ ಜೀವನ ಸಾಗಿಸಿದನು. ೧೯೮೨ರಲ್ಲಿ ಗತಿಸಿದ ಆತನಿಗೆ ಆ ಸಂಗೀತದ ಕೀರ್ತಿಮಂದಿರದಲ್ಲಿ ಸ್ಥಾನ ದೊರೆತುದು ೨೦೦೫ರಲ್ಲಿ. ಎಲ್ಲರಿಗೂ ಚಾರ್ಲಿಯ ಅದೃಷ್ಟವಿರಲಿಲ್ಲ.

೬

ಹಾಡು ತಪ್ಪಿದರೆ ಸಂತೋಷ ತಪ್ಪಿತು, ಅಷ್ಟೆ ಎನ್ನಬಹುದು. ಆದರೆ ಕೆಲವು ಕಡೆ ಪ್ರಾಣವೇ ಪಣವಾಗುವುದು. ಕಪ್ಪು ವರ್ಣದವರಿಗೆ ಈಜು ಒಲಿಯದೆಂದು, ಅವರ ಮೂಳೆಗಳು ಭಾರವೆಂದು, ಅಮೆರಿಕದಲ್ಲಿ ಬಹು ಕಾಲ ಹೇಳುತ್ತಿದ್ದರು. ಚರಿತ್ರೆ ಬೇರೆ ಮಾತನ್ನೇ ಹೇಳುವುದು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಗೆ ಹೋದ ಯೂರೋಪಿನ ಯಾತ್ರಿಕರು ಅಲ್ಲಿಯವರ ಈಜನ್ನೂ ಮುಳುಗನ್ನೂ ಕಂಡು ಬೆರಗಾಗಿ ಬರೆದಿರುವರು. ಆಗ ಯೂರೋಪಿನವರಲ್ಲಿಯೇ ಈಜಬಲ್ಲವರು ಕಡಿಮೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ನಗರಗಳಲ್ಲಿ ಸಾರ್ವಜನಿಕ ಈಜುಕೊಳಗಳು ಎದ್ದಾಗ ಬಹುತೇಕ ಕೊಳಗಳ ಬಾಗಿಲು ಕಪ್ಪು ವರ್ಣದವರಿಗೆ ಮುಚ್ಚಿತ್ತು. ನ್ಯಾಯಾಲಯಗಳು ಬಾಗಿಲು ತೆರೆಯಬೇಕೆಂದಾಗ ಕೆಲವು ಊರಿನವರು ಕೊಳವನ್ನೇ ಮುಚ್ಚಿಬಿಟ್ಟರು. ೧೯೬೪ನೆಯ ಜೂನ್ ೧೮ರಂದು ಫ್ಲಾರಿಡದ ಸೇಂಟ್ ಅಗಸ್ಟೀನ್ ನಗರದಲ್ಲಿ ಬಿಳಿಯರೂ ಕಪ್ಪು ವರ್ಣದವರೂ ಒಟ್ಟಾಗಿ ಒಂದು ವಸತಿಗೃಹದ ಕೊಳಕ್ಕೆ ಇಳಿದು ಪ್ರತಿಭಟಿಸಿದಾಗ, ಅದನ್ನು ನಡೆಸುತ್ತಿದ್ದವನು ನೀರಿಗೆ ಆಮ್ಲವನ್ನು ಸುರಿದನು; ಆ ಭಾವಚಿತ್ರ ಲೋಕದಲ್ಲೆಲ್ಲ ಪ್ರಕಟವಾಯಿತು.

ಈಜನ್ನು ಕಲಿಯದ ತಾಯಿ ಮಗುವನ್ನು ನೀರಿನ ಬಳಿ ಬಿಡಲು ಹೆದರುವಳು. ಆ ಮಗುವೂ ಕಲಿಯದು. ಮೂರನೆಯ ತಲೆಮಾರಿನಲ್ಲಿ ಅದು ಕುಲಗುಣವೆನಿಸಿಕೊಳ್ಳುವುದು. ಇಂದಿಗೂ ಅಲ್ಲಿ ಈಜುಕೊಳಗಳಲ್ಲಿ ಮುಳುಗಿ ಸಾಯುವ ಶಾಲಾವಯಸ್ಸಿನ ಮಕ್ಕಳಲ್ಲಿ ಕಪ್ಪು ವರ್ಣದವರ ಪ್ರಮಾಣ ಬಿಳಿಯರದಕ್ಕಿಂತ ಹಲವು ಪಾಲು ಹೆಚ್ಚು. ಬಾಗಿಲು ಮುಚ್ಚಿದವರು ಸತ್ತುಹೋದರು. ಅದರ ಫಲ ಮಾತ್ರ ಜೀವಂತವಾಗಿದೆ. ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಸಿಮೋನ್ ಮ್ಯಾನುಯೆಲ್ ಎಂಬ ಯುವತಿ ನೂರು ಮೀಟರಿನ ಈಜಿನಲ್ಲಿ ಸ್ವರ್ಣಪದಕವನ್ನು ಗಳಿಸಿ, ವೈಯಕ್ತಿಕ ಈಜಿನಲ್ಲಿ ಆ ಕೀರ್ತಿಗೆ ಪಾತ್ರಳಾದ ಮೊದಲ ಕಪ್ಪು ವರ್ಣದ ಅಮೆರಿಕನ್ ಮಹಿಳೆಯಾದಳು. ಮೂಳೆಯ ಭಾರದ ಸಿದ್ಧಾಂತ ಆ ದಿನ ನೀರಿನಲ್ಲಿ ಮುಳುಗಿತು.

೭

ಇವೆಲ್ಲ ದೂರದ ಕಥೆಗಳೆಂದು ನಾವು ನೆಮ್ಮದಿಯಿಂದ ಕುಳಿತಿರಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡುಗಳಲ್ಲಿ ಸಿದ್ದಿ ಜನರು ವಾಸಿಸುವರು. ಶತಮಾನಗಳ ಹಿಂದೆ ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ಬಂದವರ, ಅವರಲ್ಲಿ ಅನೇಕರು ಪೋರ್ಚುಗೀಸರು ತಂದ ಗುಲಾಮರು, ಅಂಥವರ ಸಂತತಿ ಅವರದು. ೧೯೮೦ರ ದಶಕದಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರದವರು, ಆಫ್ರಿಕ ಮೂಲದವರಾದುದರಿಂದ ಇವರು ಓಟದಲ್ಲಿ ಪದಕಗಳನ್ನು ತರುವರೆಂದು ಎಣಿಸಿ, ಸಿದ್ದಿ ಬಾಲಕ ಬಾಲಿಕೆಯರನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದರು. ಆದರೆ ಮುಂದಿನ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಮಕ್ಕಳು ಕಾಡಿಗೆ ಮರಳಿದರು. ರಕ್ತವನ್ನು ನಂಬಿ ಆರಂಭಿಸಿದವರು ಅಭ್ಯಾಸವನ್ನು ನಂಬಿ ಮುಂದುವರಿಸಲಿಲ್ಲ. ಸಿದ್ದಿಯರ ಮನೆಯ ಸಂಗೀತವನ್ನು ನೋಡಿದರೆ, ದಮಾಮಿ ಎಂಬ ಚರ್ಮವಾದ್ಯದೊಡನೆ ಅವರು ಹಾಡುವುದು ಕೊಂಕಣಿಯಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ—ತಾವು ನೆಲಸಿದ ನೆಲದ ನುಡಿಗಳಲ್ಲಿ.

ಇನ್ನು ನಮ್ಮ ಕಿವಿಯ ವಿಚಾರ. ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಛೇರಿಯನ್ನು ನಾವು ಇಂದು ಊಹಿಸಲಾರೆವು. ಅದು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಸುಮಾರು ಇನ್ನೂರು ವರ್ಷಗಳ ಹಿಂದೆ ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಕೇಳಿದವರು ಯಾರೂ ಅದನ್ನು ಪರದೇಶದ್ದೆನ್ನಲಿಲ್ಲ. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿದ ನಾಗಸ್ವರದ ಮನೆತನದ ಹುಡುಗನೊಬ್ಬನು ಅದಕ್ಕೆ ಮನಸೋತು, ವರ್ಷಗಳ ಸಾಧನೆಯಿಂದ ಅದರಲ್ಲಿ ಗಮಕಗಳನ್ನು ಹೊರಡಿಸಿದನು. ಆತನೇ ಕದ್ರಿ ಗೋಪಾಲನಾಥ್. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಭವನದಲ್ಲಿ ಅವರು ನಮ್ಮ ರಾಗಗಳನ್ನು ಆ ವಾದ್ಯದಲ್ಲಿ ನುಡಿಸಿದರು. ಅದೇ ಅರಮನೆಯಲ್ಲಿ ಬಾಲ್ಯದಿಂದ ಪಿಯಾನೊ ಕಲಿತ ಜಯಚಾಮರಾಜ ಒಡೆಯರು ರಷ್ಯದ ರಚನಕಾರ ನಿಕೊಲಾಯ್ ಮೆಟ್‌ನರನ ಕೃತಿಗಳ ಧ್ವನಿಮುದ್ರಣಕ್ಕೆ ೧೯೪೦ರ ದಶಕದ ಕೊನೆಯಲ್ಲಿ ಧನವಿತ್ತು ಆತನನ್ನು ಬದುಕಿಸಿದರು. ಆ ಕೃತಜ್ಞತೆಯಿಂದ ಆತನು ತನ್ನ ಒಂದು ಮಹಾರಚನೆಯನ್ನು ಅವರಿಗೆ ಅರ್ಪಿಸಿದನು. ಆ ಅರಸರೇ ಮುಂದೆ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಒಂದೇ ಕಿವಿಯಲ್ಲಿ ಎರಡು ಲೋಕಗಳು ಜಗಳವಿಲ್ಲದೆ ನೆಲಸಿದ್ದುವು.

೮

ಹಾಗಾದರೆ ಹುಟ್ಟಿಗೆ ಯಾವ ಬೆಲೆಯೂ ಇಲ್ಲವೆ? ಇಲ್ಲವೆನ್ನುವುದು ಅತಿವಾದ. ಎತ್ತರ, ಉಸಿರು, ಸ್ವರಜ್ಞಾನ—ಇವುಗಳಲ್ಲಿ ಒಬ್ಬ ವ್ಯಕ್ತಿಗೂ ಮತ್ತೊಬ್ಬನಿಗೂ ಜನ್ಮತಃ ಭೇದವುಂಟು, ಒಡಹುಟ್ಟಿದವರಲ್ಲಿಯೇ ಉಂಟು. ಕೆನ್ಯದ ಎತ್ತರದ ಸೀಮೆಯ ಕಲೆಂಜಿನ್ ಜನರ ಓಟಕ್ಕೆ ಅವರ ದೇಹರಚನೆ, ಎರಡು ಸಾವಿರ ಮೀಟರಿಗೂ ಮಿಕ್ಕ ಎತ್ತರದ ಗಾಳಿ ಎರಡೂ ನೆರವಾಗಿರಬಹುದು. ಆದರೆ ಅದು ಒಂದು ಸೀಮೆಯ ಮಾತು, ಇಡೀ ಕಪ್ಪು ವರ್ಣದ ಮಾತಲ್ಲ. ಮೇಲಾಗಿ, ದೇಹದ ಸಾಮರ್ಥ್ಯ ಬೇರೆ, ಮನಸ್ಸಿನ ಪ್ರೀತಿ ಬೇರೆ. ಅದೇ ಕೆನ್ಯದಲ್ಲಿ ೧೯೫೦, ೬೦ರ ದಶಕಗಳಲ್ಲಿ ಒಲಿಂಪಿಕ್ಸಿಗೆ ಹೋದ ಹಾಕಿ ತಂಡದಲ್ಲಿ ಬಹುಮಂದಿ ಪಂಜಾಬಿನಿಂದಲೂ ಗೋವೆಯಿಂದಲೂ ಹೋಗಿ ನೆಲಸಿದವರ ಮಕ್ಕಳು. ಅವರ ತಂದೆಯರು ಪೆಟ್ಟಿಗೆಯೊಡನೆ ಹಾಕಿಯ ಕೋಲನ್ನೂ ಒಯ್ದಿದ್ದರು.

ಬರಿಯ ಪರಿಚಯವೊಂದೇ ಸಾಲದೆಂಬುದನ್ನೂ ಒಪ್ಪಬೇಕು. ಬಲವಂತವಾಗಿ ಕುಡಿಸಿದ ಕಷಾಯದಂತೆ, ಹೆದರಿಸಿ ಕಲಿಸಿದ ಸಂಗೀತ ಜನ್ಮಾಂತ್ಯದವರೆಗೆ ಕಹಿಯಾಗಿ ಉಳಿಯಬಹುದು. ರುಚಿ ಬೇರೂರುವುದಕ್ಕೆ ಮೂರು ಬೇಕು: ಎಳವೆಯಲ್ಲಿ ಕಣ್ಣು ಕಿವಿಗಳಿಗೆ ಬೀಳುವ ಸಾನ್ನಿಧ್ಯ, ಕೈಗೆಟಕುವ ಅವಕಾಶ, ಅದನ್ನು ಪ್ರೀತಿಸುವ ಒಬ್ಬ ಆಪ್ತರ ಸಂಗ. ಚಾರ್ಲಿಗೆ ರೇಡಿಯೊ ಮೊದಲನೆಯದು, ಗಿಟಾರು ಎರಡನೆಯದು, ಶನಿವಾರದ ರಾತ್ರಿ ಪಕ್ಕದಲ್ಲಿ ಕುಳಿತ ತಂದೆ ಮೂರನೆಯದು. ಜನಾಂಗವೆಂಬುದು ರುಚಿಯನ್ನು ಮುಟ್ಟುವುದು ಈ ಮೂರರ ಮೂಲಕ. ಯಾರು ಯಾವ ಕೇರಿಯಲ್ಲಿರಬೇಕು, ಯಾವ ಬಾಗಿಲಲ್ಲಿ ನಿಲ್ಲಬೇಕು, ಯಾರೊಡನೆ ಕೂಡಬೇಕು ಎಂಬ ಕಟ್ಟುಪಾಡುಗಳ ಮೂಲಕ.

ಈ ಪತ್ರಿಕೆಯನ್ನು ಓದುವ ತಾಯಿತಂದೆಯರಲ್ಲಿ ಒಂದು ವಿಜ್ಞಾಪನೆ. ‘ನಮ್ಮ ಮನೆತನದಲ್ಲಿ ಯಾರಿಗೂ ಹಾಡು ಬರುವುದಿಲ್ಲ’, ‘ಇದು ನಮ್ಮವರ ಆಟವಲ್ಲ’, ‘ಹೆಣ್ಣುಮಕ್ಕಳಿಗೆ ಈಜೇಕೆ’ ಎಂಬ ಮಾತುಗಳನ್ನು ಮಕ್ಕಳ ಮುಂದೆ ಆಡದಿರಿ; ಕೆರೆಬಾವಿಗಳ ನಾಡಿನಲ್ಲಿ ಮೂರನೆಯ ಮಾತಂತೂ ಅಪಾಯಕರ. ಉಪಾಧ್ಯಾಯರೂ ತರಗತಿಯಲ್ಲಿ ಹುಡುಗನ ಉಪನಾಮವನ್ನು ನೋಡಿ ಅವನನ್ನು ಆಟಕ್ಕೋ ಪಾಠಕ್ಕೋ ನೇಮಿಸದಿರಲಿ. ತೊಟ್ಟಿಲ ಮಗುವಿಗೆ ನಮ್ಮ ಲಾಲಿಯೊಡನೆ ಪರನಾಡಿನ ಒಂದು ಹಾಡನ್ನೂ ಕೇಳಿಸಿರಿ; ಅದರಿಂದ ನಮ್ಮ ಸಂಗೀತಕ್ಕೆ ಕುಂದಿಲ್ಲ. ನೆರೆಯ ಕೇರಿಯಲ್ಲಿ ಡೊಳ್ಳು ಬಾರಿಸುವಾಗ, ತಮಟೆ ಬಾರಿಸುವಾಗ, ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ನಿಲ್ಲಿರಿ. ಮೆಚ್ಚುವುದೂ ಬಿಡುವುದೂ ಆಮೇಲೆ ಮಗುವಿಗೆ ಸೇರಿದುದು.